ದಿನಕ್ಕೆ ಮುನ್ನೂರು ಸಲ ಸಾಯುವ ದೊಡ್ಡಮ್ಮ

ಬೆಳಗ್ಗೆ ಐದೂಮುಕ್ಕಾಲು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಸ್ಟೂಲಿನ ಮೇಲೆ ಕುಳಿತ ಐವತ್ತೆಂಟರ ಹೆಂಗಸು ಎಡಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಬಲಗೈಯಲ್ಲಿ ಕೆಂಪು ಬಟನ್ ಒತ್ತುತ್ತಿದ್ದಾರೆ. ಪರದೆಯಲ್ಲಿ ಧೂಳೆದ್ದ ಪಾಳು ಊರು, ಎಲುಬಿನ ಕುದುರೆಗಳು, ಅವುಗಳ ಮೇಲೆ ಕೌಬಾಯ್ ದೆವ್ವಗಳು. ಢಮಾರ್! ಇವರ ಬಂದೂಕುಗಾರ ಸತ್ತು ಬೀಳುತ್ತಾನೆ. ಇವರು ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು, ಮತ್ತೆ ಅದೇ ಜಾಗಕ್ಕೆ ಹೋಗಿ ಮತ್ತೆ ಸಾಯುತ್ತಾರೆ.

“ಸಾಯೋದೇ ನನ್ನ ಕೆಲಸ,” ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ, ಪರದೆಯಿಂದ ಕಣ್ಣು ಕೀಳದೆ. “ಗೆದ್ರೆ ಏನು ಗೊತ್ತಾಗುತ್ತೆ? ಸತ್ರೇನೇ ಎಲ್ಲಿ ಹುಳುಕಿದೆ ಅಂತ ತಿಳಿಯೋದು.”

ಹಳೇ ಗೇಮ್ ಪಾರ್ಲರಿನ ಮಾದರಿಯಲ್ಲಿ, ದಪ್ಪ ದಪ್ಪ ಚೌಕಗಳಿಂದ ಚಿತ್ರ ಕಟ್ಟಿ ಐದು ಜನ ಮಾಡುತ್ತಿರುವ ಶೂಟಿಂಗ್ ಆಟ ಇದು. ಚಿತ್ರ ಬಿಡಿಸುವವಳು ಇವರ ತಂಗಿಯ ಮಗಳು. ಅವಳಿಗೆ ದೊಡ್ಡಮ್ಮ, ಹಾಗಾಗಿ ಇಡೀ ಆಫೀಸಿಗೇ ದೊಡ್ಡಮ್ಮ. ಇಪ್ಪತ್ತೆರಡು ವರ್ಷ ಶರ್ಟ್ ಕಾರ್ಖಾನೆಯಲ್ಲಿ ಹೊಲಿಗೆಯ ತಪ್ಪು ಹಿಡಿಯುತ್ತಿದ್ದವರು. ಕಾರ್ಖಾನೆಗೆ ಬೀಗ ಬಿತ್ತು. “ಎರಡು ವರ್ಷ ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದೆ. ಗೋಡೇಲೂ ತಪ್ಪು ಕಾಣ್ತಿತ್ತು,” ಎಂದು ನಗುತ್ತಾರೆ.

ದಿನಕ್ಕೆ ಮುನ್ನೂರು ಸಾವು, ಭಾನುವಾರ ಮಾತ್ರ ಪ್ರಾಣಕ್ಕೆ ರಜೆ. ಹನ್ನೊಂದು ತಿಂಗಳಲ್ಲಿ ಲೆಕ್ಕ ಎಂಬತ್ತು ಸಾವಿರ ದಾಟಿದೆ, ಮಣಿಕಟ್ಟಿಗೆ ಪಟ್ಟಿ ಬಂದಿದೆ. ಹತ್ತು ಗಂಟೆಗೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಕಣ್ಣು ಸುಳ್ಳು ಹೇಳುತ್ತದಂತೆ. ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಎರಡೇ ಭಾಗ: ಎಡಕ್ಕೆ ‘ತಪ್ಪು ನಂದು’, ಬಲಕ್ಕೆ ‘ತಪ್ಪು ಆಟದ್ದು’.

ಕಳೆದ ತಿಂಗಳು, ಆಟ ಬಿಡುಗಡೆಗೆ ಮೂರೇ ದಿನ ಇರುವಾಗ, ಬಲಗಡೆ ಗೀಟುಗಳು ಏರತೊಡಗಿದವು. “ಗುಂಡು ನನ್ನ ಟೋಪಿಗೆ ತಾಗ್ತಾನೇ ಇಲ್ಲ, ಆದ್ರೂ ಸಾಯ್ತಿದ್ದೀನಿ,” ಎಂದರು ದೊಡ್ಡಮ್ಮ. ಪ್ರೋಗ್ರಾಂ ಬರೆಯುವ ಹುಡುಗಿ ಅಂಕಿ ನೋಡಿ, ಎಲ್ಲ ಸರಿಯಿದೆ ಎಂದಳು. ಆಫೀಸಿನ ಯಜಮಾನರು ತನ್ನಷ್ಟಕ್ಕೆ ಆಟ ಆಡುವ ಒಂದು ಯಂತ್ರವನ್ನು ಕೂರಿಸಿದರು. ಅದು ಹತ್ತು ಸಾವಿರ ಸಲ ಸತ್ತು, ಒಂದೂ ತಪ್ಪಿಲ್ಲ ಎಂದು ವರದಿ ಕೊಟ್ಟಿತು. “ದೊಡ್ಡಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ಮೇಲೆ ಯಂತ್ರವೇ ಆಡ್ಲಿ ಬಿಡಿ,” ಎಂದುಬಿಟ್ಟರು.

ಸ್ಟೂಲು ಕೈತಪ್ಪುವುದರಲ್ಲಿತ್ತು. ದೊಡ್ಡಮ್ಮ ಜಗಳಕ್ಕಿಳಿಯಲಿಲ್ಲ. ತಂಗಿಯ ಮಗಳನ್ನು ಕರೆದು, “ಟೋಪಿ ಅಂಚಿಗೆ ಕತ್ತರಿ ಹಾಕಿದ್ದೀಯೇನೇ?” ಎಂದು ಕೇಳಿದರು.

ಹಾಕಿದ್ದಳು! ಚಂದ ಕಾಣಲಿ ಎಂದು ಅಂಚಿನಿಂದ ಎರಡೇ ಎರಡು ಚೌಕ ತೆಗೆದಿದ್ದಳು, ಯಾರಿಗೂ ಹೇಳಿರಲಿಲ್ಲ. ಆಟದ ಲೆಕ್ಕದಲ್ಲಿ ಮಾತ್ರ ಹಳೇ ಟೋಪಿಯೇ ಉಳಿದಿತ್ತು. ಕಣ್ಣಿಗೆ ಕಾಣದ ಆ ಅಂಚಿಗೆ ಗುಂಡು ತಾಗಿದರೂ ಬಂದೂಕುಗಾರ ಸಾಯುತ್ತಿದ್ದ. ಯಂತ್ರಕ್ಕೆ ಗೊತ್ತಿದ್ದದ್ದು ಲೆಕ್ಕ ಮಾತ್ರ, ಅದು ಟೋಪಿ ನೋಡುವುದಿಲ್ಲ. ನಾನು ಹಳೇ ಟೋಪಿ, ಹೊಸ ಟೋಪಿ ಎರಡನ್ನೂ ಅಕ್ಕಪಕ್ಕ ಹಾಕಿಸಿ ಪರದೆಗೆ ಮೂಗು ತಾಗಿಸಿ ನೋಡಿದೆ. ಎರಡು ಚೌಕ ಎಂದರೆ ಎಳ್ಳುಕಾಳಿನಷ್ಟು. ಓಡುವ ಕುದುರೆ, ಹಾರುವ ಗುಂಡುಗಳ ನಡುವೆ ದೊಡ್ಡಮ್ಮನ ಕಣ್ಣು ಅದನ್ನು ಹಿಡಿದಿತ್ತು.

“ಅಳ್ತಿದ್ಲು ಪಾಪ. ಅಳ್ಬೇಡ ಕಣೇ, ಶರ್ಟಾಗಿದ್ರೆ ಬಿಚ್ಚಿ ಹೊಲೀಬೇಕಿತ್ತು, ಇಲ್ಲಿ ಆ ಕಷ್ಟಾನೂ ಇಲ್ಲ ಅಂದೆ.”

ಬಿಡುಗಡೆ ಒಂದು ವಾರ ಮುಂದೆ ಹೋಯಿತು. ಮಾರನೇ ದಿನ ಸ್ಟೂಲಿನ ಮೇಲೆ ಯಜಮಾನರು ತಂದಿಟ್ಟ ಹೊಸ ಮೆತ್ತೆ ಇತ್ತು, ಯಂತ್ರ ಮೂಲೆ ಸೇರಿತ್ತು. ಈಗ ಅದೇ ಆಟದ ಎರಡನೇ ಭಾಗಕ್ಕೆ ಹೊಸ ದೆವ್ವಗಳು ತಯಾರಾಗುತ್ತಿವೆ.

ನಿಮ್ಮ ಆಸೆ ಏನು ಎಂದು ಕೇಳಿದೆ. “ಸೋತವರು ಆಟಾನ ಬೈಕೊಂಡು ಎದ್ದು ಹೋಗಬಾರ್ದು. ಅಷ್ಟೇ.”

ಹೊರಡುವ ಮುಂಚೆ ನನಗೂ ಹಿಡಿಕೆ ಕೊಟ್ಟರು. ಒಂಬತ್ತನೇ ಸೆಕೆಂಡಿಗೆ ಸತ್ತೆ. “ದೊಡ್ಡಮ್ಮ, ಗುಂಡು ತಾಗ್ಲೇ ಇಲ್ಲ!” ಎಂದು ಕೂಗಿದೆ. ಅವರು ನೋಟ್‌ಬುಕ್ ಎಳೆದುಕೊಂಡು, ಎಡಗಡೆ ಒಂದು ಗೀಟು ಹಾಕಿ, ಪೂರ್ತಿ ನೆಮ್ಮದಿಯಿಂದ ಹೇಳಿದರು:

“ತಾಗ್ತು. ಈ ಸಲ ತಪ್ಪು ನಿಮ್ದೇ.”