ಗಂಟೆಯಿಲ್ಲದ ಮಣ್ಣಿಗೆ ಹಾಡಿದ ನ್ಯಾಚಿರಾಂಬೊ

ಮಲಾವಿ ಸರೋವರದ ಉತ್ತರ ದಡದ ಸಭೆಗಳಲ್ಲಿ ಸ್ತ್ರೀಯರು ಸಲ್ಲಿಸಿದ ಸೇವೆಯ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಅನೇಕ ಸಭಾಪಾಲಕರ ಹೆಸರಿಗಿಂತ ಮೊದಲು ಒಬ್ಬ ಸಭಾಸೇವಕಿಯ ಹೆಸರನ್ನು ಬರೆಯಬೇಕಾಗುತ್ತದೆ. ಅವರು ಶ್ರೀಮತಿ ಮಸೋಜಿ ನ್ಯಾಚಿರಾಂಬೊ. ವೇದಿಕೆಯ ಮೇಲೆ ಅವರು ಕುಳಿತದ್ದು ಕಡಿಮೆ. ಬಂಡೆದಾರಿಗಳಲ್ಲಿ ನಡೆದದ್ದೇ ಹೆಚ್ಚು. ಇದೀಗ ನಿವೃತ್ತರಾಗುತ್ತಿರುವ ಆ ಹಿರಿಯ ಜೀವಕ್ಕೆ ಚಿಪಾಂಬದ ಸ್ತ್ರೀಸಂಘವು ಈ ನುಡಿಗಳನ್ನು ಗೌರವಪೂರ್ವಕವಾಗಿ ಅರ್ಪಿಸುತ್ತಿದೆ.

ಮೊದಲ ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಮೂರನೆಯದಕ್ಕೆ ಮಸೋಜಿ, ಅಂದರೆ ಕಣ್ಣೀರು, ಎಂದು ಹೆಸರಿಟ್ಟಳು. ಮೀನುಗಾರರ ಮನೆಯ ಆ ಹುಡುಗಿ ವೇದಪಾಠಶಾಲೆಯಲ್ಲಿ ಓದಿ, ಇನ್ನೂ ಎಳೆಯ ವಯಸ್ಸಿನಲ್ಲೇ ಚಿಪಾಂಬಕ್ಕೆ ಸೇವಕಿಯಾಗಿ ಬಂದರು. ದೋಣಿಯಲ್ಲಿ ಬರಬೇಕು, ಇಲ್ಲವೇ ಗುಡ್ಡದ ಕಡಿದಾದ ಕಾಲುದಾರಿ ಇಳಿಯಬೇಕು; ಬೇರೆ ಹಾದಿಯಿಲ್ಲದ ಊರು ಅದು. ಓದು ಬಾರದ ಗೃಹಿಣಿಯರಿಗೆ ದಡದ ಒದ್ದೆ ಮರಳಿನ ಮೇಲೆ ಅಕ್ಷರ ತಿದ್ದಿಸಿದರು. ವಾಂತಿಭೇದಿ ಹಬ್ಬಿದ ವರ್ಷ ಮನೆಮನೆಗೆ ಹೋಗಿ, ನೀರು ಕುದಿಯುವವರೆಗೂ ಒಲೆಯ ಮುಂದೆ ಕಾವಲು ನಿಂತರು. ಮಳೆ ಹತ್ತಿರವಾದಾಗ ಕುಷ್ಠರೋಗದ ಮುದುಕನೊಬ್ಬನ ಗುಡಿಸಲಿಗೆ ಯಾರೂ ಹುಲ್ಲು ಹೊದಿಸಲು ಬಾರದಿದ್ದುದನ್ನು ಕಂಡು, ತಾವೇ ಹುಲ್ಲು ಹೊತ್ತು ಮಾಡು ಹತ್ತಿದರು.

ಅವರಿಗೆ ಕೂರುವುದೆಂದರೆ ಆಗದು. ಊಟಕ್ಕೆ ಕರೆದ ಮನೆಯಲ್ಲಿ ನ್ಸೀಮದ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಅತಿಥಿ ಆಗಲೇ ಪಕ್ಕದ ಮನೆಯ ಬಾಣಂತಿಯ ಬಳಿ ಇರುತ್ತಿದ್ದರು. ಅವರ ಗೆಳತಿ, ಸಂಘದ ನ್ಯಾಮ್ಹಾಂಗೊ, ಒಮ್ಮೆ ರೇಗಿಯೇ ಕೇಳಿದರು: “ನಿನ್ನ ಕಾಲಿಗೆ ಇರುವೆ ಮುತ್ತಿದಾವೇನೇ? ದೇವರೇ ಏಳನೇ ದಿನ ಕೂತ್ಕೊಂಡ.”

“ಅವನ ಕೆಲಸ ಮುಗಿದಿತ್ತು, ಕೂತ್ಕೊಂಡ. ನಂದೆಲ್ಲಿ ಮುಗೀತು?” ಎಂದರಂತೆ ಇವರು, ಚಪ್ಪಲಿ ಮೆಟ್ಟುತ್ತ.

ಅವರ ಸೇವೆಯ ನಟ್ಟನಡುವೆ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳದೆ ಬಿಟ್ಟರೆ ಈ ಲೇಖನ ಬರಿಯ ಹೊಗಳಿಕೆಯಾದೀತು.

ಚಿಪಾಂಬದ ಹಿರಿಯರ ಮಂಡಳಿಗೆ ಆಗ ಯೋತಾಮು ಲೋಂಗ್ವೆ ಮುಖ್ಯಸ್ಥರು. ನೇರ ನಡೆಯ, ಮಾತಿಗೆ ತಪ್ಪದ ಮನುಷ್ಯ. ಅವರ ಮಗಳು ಲೈನೆಸ್ ದೋಣಿಯ ಮಾಲೀಕನೊಬ್ಬನಿಗೆ ಎರಡನೆಯ ಹೆಂಡತಿಯಾಗಿ ಹೋದಾಗ, ಅವಳನ್ನು ಪ್ರಭುಭೋಜನದಿಂದ ಹೊರಗಿಡಬೇಕೆಂದು ಎದ್ದು ನಿಂತು ಕೇಳಿದವರು ತಂದೆಯೇ. ಹಾಗೆ ಹೊರಗಿಟ್ಟವರು ಸತ್ತರೆ ಗಂಟೆಯಿಲ್ಲ, ಕೀರ್ತನೆಯಿಲ್ಲ, ಸಂಘದ ಹೆಂಗಸರು ಸಮವಸ್ತ್ರದಲ್ಲಿ ಹಿಂದೆ ನಡೆಯುವಂತಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಲೈನೆಸ್ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಗಂಡ ಮೀನಿನ ಕೆಲಸಕ್ಕೆ ದೂರ ಹೋಗಿದ್ದ. ದೇಹವನ್ನು ತವರಿಗೆ ತಂದರು. ಸಭಾಪಾಲಕರೂ ಊರಲ್ಲಿರಲಿಲ್ಲ. ನಿರ್ಧಾರ ಲೋಂಗ್ವೆಯವರದಾಯಿತು.

ಮಾವಿನ ಮರದಡಿ ಗಂಡಸರ ನಡುವೆ ಚಾಪೆಯ ಮೇಲೆ ಕುಳಿತಿದ್ದ ಅವರ ಬಳಿಗೆ ನ್ಯಾಚಿರಾಂಬೊ ಹೋದರು.

“ಅಣ್ಣಾ, ಗಂಟೆ ಬಾರಿಸೋಕೆ ಹೇಳಿ.”

“ಹೋದ ವರ್ಷ ಬೇರೆಯವರ ಮಗಳಿಗೆ ಬೇಡ ಅಂದೆ,” ಎಂದರು ಲೋಂಗ್ವೆ. “ಈಗ ನನ್ನ ಮಗಳಿಗೆ ಅಂತ ಯಾವ ಬಾಯಲ್ಲಿ ಬಾರಿಸು ಅನ್ಲಿ?”

ಲೋಂಗ್ವೆ ನ್ಯಾಯವಾಗಿಯೇ ಆಡಿದ್ದರು, ಅದೇ ನ್ಯಾಚಿರಾಂಬೊ ಅವರನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ದಡಕ್ಕೆ ಹೋದರು, ತಿರುಗಿ ಬಂದರು. ದೇವಾಲಯದಲ್ಲಿ ಮೊಣಕಾಲೂರಿದರು, ಪ್ರಾರ್ಥನೆ ಬಾಯಿಗೆ ಹತ್ತಲಿಲ್ಲ. ಹೆಂಗಸರು ಅಳುತ್ತಿದ್ದ ಒಳಮನೆಗೆ ಬಂದು, ಬಾಗಿಲಲ್ಲೇ ಹಿಂದಿರುಗಿದರು. ಬಿಸಿಲೇರುತ್ತಿತ್ತು, ಗುಂಡಿ ತೋಡುವವರ ಗುದ್ದಲಿಯ ಸದ್ದು ಕೇಳುತ್ತಿತ್ತು. ಕೊನೆಗೆ ತಮ್ಮ ಮನೆಗೆ ಹೋಗಿ ಬಿಳಿಯ ರವಿಕೆ, ಕಪ್ಪು ಲಂಗದ ಸಮವಸ್ತ್ರ ತೊಟ್ಟು ಬಂದರು.

ನ್ಯಾಮ್ಹಾಂಗೊ ಅವರ ತೋಳು ಹಿಡಿದು, “ಅದನ್ನ ಕಿತ್ಕೋತಾರೆ ಕಣೇ,” ಎಂದರು.

“ಕಿತ್ಕೊಳ್ಳಲಿ. ಮನೇಲಿ ಇನ್ನೊಂದು ಬಟ್ಟೆ ಇದೆ.”

ಪೆಟ್ಟಿಗೆ ಗುಂಡಿಗೆ ಇಳಿಯುತ್ತಿದ್ದಂತೆ ನ್ಯಾಚಿರಾಂಬೊ ಕೀರ್ತನೆ ಎತ್ತಿದರು. ಮೊದಲ ಚರಣ ಅವರೊಬ್ಬರದೇ. ಎರಡನೆಯದಕ್ಕೆ ನ್ಯಾಮ್ಹಾಂಗೊ ದನಿಗೂಡಿಸಿದರು, ಬಳಿಕ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ. ಲೋಂಗ್ವೆ ಟೋಪಿ ಕೈಯಲ್ಲಿ ಹಿಡಿದು ದೂರದಲ್ಲಿ ನಿಂತಿದ್ದರು. ಹಾಡಲಿಲ್ಲ, ತಡೆಯಲೂ ಇಲ್ಲ.

ಮಂಡಳಿಗೆ ದೂರು ಕೊಟ್ಟವರೂ ಅವರೇ. ನ್ಯಾಚಿರಾಂಬೊ ಅವರಿಗೆ ಒಂದು ವರ್ಷ ಪ್ರಭುಭೋಜನವೂ ಸಮವಸ್ತ್ರವೂ ತಪ್ಪಿತು. ಅವರು ವಾದಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ರೊಟ್ಟಿಯ ತಟ್ಟೆ ತಮ್ಮನ್ನು ದಾಟಿ ಹೋಗುವುದನ್ನು ನೋಡಿದರು. ಉಳಿದ ದಿನಗಳಲ್ಲಿ ಸೊಂಟಕ್ಕೆ ಹಳೆಯ ಚಿಟೆಂಜೆ ಬಟ್ಟೆ ಸುತ್ತಿಕೊಂಡು ಎಂದಿನಂತೆ ರೋಗಿಗಳ ಮನೆಗಳಿಗೆ ನಡೆದರು. ಶಿಕ್ಷೆಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಬೇರೆ. “ದೇವರಿಗೋಸ್ಕರ ಹಾಡಿದ್ನೋ, ಲೋಂಗ್ವೆಯಣ್ಣನ್ನ ಸೋಲಿಸೋಕೆ ಹಾಡಿದ್ನೋ, ನನಗೇ ಗೊತ್ತಾಗ್ತಿಲ್ಲ,” ಎಂದು ಗೆಳತಿ ನ್ಯಾಮ್ಹಾಂಗೊ ಅವರಲ್ಲಿ ಮಾತ್ರ ಹೇಳಿಕೊಂಡಿದ್ದರು.

ವರ್ಷ ತುಂಬುವ ಮೊದಲು, ಒಂದು ಮಧ್ಯಾಹ್ನ, ಲೋಂಗ್ವೆ ಒಣಮೀನಿನ ಬುಟ್ಟಿ ಹಿಡಿದು ಅವರ ಜಗಲಿಗೆ ಬಂದರು. ಬುಟ್ಟಿಯನ್ನು ಪಕ್ಕದಲ್ಲಿಟ್ಟು ಕುಳಿತು, “ನಿನ್ನ ಮೇಲೆ ದೂರು ಕೊಟ್ಟದ್ದು ತಪ್ಪು ಅಂತ ಹೇಳೋಕೆ ಬಂದಿಲ್ಲ,” ಎಂದರು. “ಆದ್ರೆ ಅವತ್ತು ನಿಲ್ಲಿಸು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಯಾಕೆ ಅಂತ ಯೋಚಿಸ್ತಾನೇ ಇದೀನಿ.”

ನ್ಯಾಚಿರಾಂಬೊ ತಮ್ಮೊಳಗಿನ ಸಂಶಯವನ್ನು ಮುಚ್ಚಿಡದೆ ಅವರ ಮುಂದಿಟ್ಟರು.

ಲೋಂಗ್ವೆ ಬುಟ್ಟಿಯನ್ನು ಅವರತ್ತ ಸರಿಸಿದರು. “ನನ್ನ ಸೋಲಿಸೋಕೇ ಹಾಡಿದ್ರೂ ಪರವಾಗಿಲ್ಲ, ತಂಗಿ. ಸೋತೆ.”

ಸಭೆಯ ಶಿಸ್ತು ಬದುಕಿರುವವರಿಗೆ, ಸತ್ತವರು ದೇವರ ಕೈಗೆ ಸೇರಿದವರು ಎಂದು ಮಂಡಳಿಯಲ್ಲಿ ವಾದಿಸಿ ಗೆದ್ದವರು ಆಮೇಲೆ ಅವರೇ. ಮಗಳನ್ನು ಗಂಟೆಯಿಲ್ಲದೆ ಕಳೆದುಕೊಂಡಿದ್ದ ಆ ಇನ್ನೊಂದು ಮನೆಗೂ ಹೋಗಿ ಕ್ಷಮೆ ಕೇಳಿದರು. ಅಂದಿನಿಂದ ಚಿಪಾಂಬದಲ್ಲಿ ಯಾರು ತೀರಿಕೊಂಡರೂ ಗಂಟೆ ಬಾರಿಸುತ್ತಾರೆ. ಅಕ್ಕಪಕ್ಕದ ಸಭೆಗಳು ಒಪ್ಪಲಿಲ್ಲ. ಕೆಲವು ಇಂದಿಗೂ ಒಪ್ಪಿಲ್ಲ. ಆದ್ದರಿಂದಲೇ ನ್ಯಾಚಿರಾಂಬೊ ಅವರಿಗೆ ಇಷ್ಟು ವರ್ಷ ಪುರುಸೊತ್ತಿರಲಿಲ್ಲ; ಆ ಸಭೆಗಳನ್ನು ಒಪ್ಪಿಸಲು ಊರೂರು ಅಲೆದರು. ಒಂದೆಡೆ ಹಿರಿಯರು ಬಾಗಿಲು ಹಾಕಿದರು, ಇನ್ನೊಂದೆಡೆ ಆಲಿಸಿದರು, ಮತ್ತೊಂದೆಡೆ ನಗೆಯಾಡಿದರು. ಆ ಹಳೆಯ ಸಂಶಯ ತಮ್ಮನ್ನು ಪೂರ್ತಿ ಬಿಟ್ಟಿಲ್ಲವೆಂದು ನ್ಯಾಚಿರಾಂಬೊ ಈಗಲೂ ಹೇಳುತ್ತಾರೆ.

ಕಳೆದ ತಿಂಗಳ ಬೀಳ್ಕೊಡುಗೆಯಂದು ಅತಿಥಿಗಳು ಬಂದಿದ್ದರು, ಮೇಕೆ ಬೆಂದಿತ್ತು, ಸನ್ಮಾನಿತರೇ ಇರಲಿಲ್ಲ. ಪಕ್ಕದ ಊರಲ್ಲಿ ಹಾಡುವವರಿಲ್ಲದ ಹೆಣವೊಂದಿದೆ ಎಂದು ಕೇಳಿ ಬೆಳಗಿನ ದೋಣಿ ಹತ್ತಿದ್ದರು. ಮರುದಿನ ನೆನೆದ ಬಟ್ಟೆಯಲ್ಲಿ ಬಂದಿಳಿದು, ಉಳಿದ ತಣ್ಣನೆಯ ನ್ಸೀಮ ಮುರಿಯುತ್ತ ಕೇಳಿದ್ದು ಒಂದೇ: “ಭಾಷಣ ಎಲ್ಲ ಮುಗೀತಾ?”

ಇಂಥವರಿಗೆ ವಿಶ್ರಾಂತಿಯನ್ನು ಹಾರೈಸಲು ಸಂಘಕ್ಕೆ ಸಂಕೋಚವಾಗುತ್ತದೆ. ಕರ್ತನು ಅವರ ಮೊಣಕಾಲುಗಳಿಗೆ ಬಲವನ್ನೂ ಸರೋವರಕ್ಕೆ ಶಾಂತಿಯನ್ನೂ ಕೊಡಲಿ. ಈ ಲೇಖನಕ್ಕೆ ಒಂದು ಹಾರೈಕೆಯ ಮಾತನ್ನು ಕೇಳಲು ಹೋದಾಗ, ಈಗ ಕಣ್ಣು ಕಾಣದ ಲೋಂಗ್ವೆಯವರು ಹೀಗೆಂದರು: “ಅವಳು ನನಗಿಂತ ಮೊದಲು ಹೋಗಬಾರದು. ನನ್ನ ಮಣ್ಣಿಗೆ ಅವಳೇ ಹಾಡಬೇಕು. ನನಗಂತೂ ಸಾಯೋ ಆತುರ ಇಲ್ಲ ಅಂತ ಹೇಳಿ.”