ಸತ್ತಿದೆ ಎಂದು ಬರೆದ ಅಂಜನ್ ಹುಲ್ಲು

೨೦೦೩ರಲ್ಲಿ ನಾನು ಚಿಂತಾಮಣಿ ಸಮೀಪದ ಮೇವು ಸಂಶೋಧನಾ ಕ್ಷೇತ್ರವೊಂದರಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದಾದ ಬಹುವಾರ್ಷಿಕ ಹುಲ್ಲುಗಳಲ್ಲಿ ಯಾವುದು ನೀರಿಲ್ಲದೆ ಬೇಸಿಗೆ ದಾಟುತ್ತದೆ ಎಂದು ಪರೀಕ್ಷಿಸುತ್ತಿದ್ದೆವು. ಗೆದ್ದ ಹುಲ್ಲಿನ ಬೇರುತುಂಡುಗಳು ದಿಬ್ಬೂರಹಳ್ಳಿ ಕಡೆಯ ಹಸು ಸಾಕುವವರಿಗೆ ಹೋಗಬೇಕಿತ್ತು. ನನ್ನದು ಗಿನಿ ಹುಲ್ಲು. ಕಿರಿಯ ಸಹೋದ್ಯೋಗಿ ನಸ್ರೀನ್‌ದು ಅಂಜನ್ ಹುಲ್ಲು. ಸ್ಕಂದಗಿರಿಯ ತಪ್ಪಲಲ್ಲಿ ತಾನೇ ಹುಡುಕಿ ತಂದದ್ದು.

ಮುಚ್ಚುಮರೆ ಏಕೆ, ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ, ನಿರ್ದೇಶಕರು ಬಂದರೆ ನೇರ ಅವಳು ಹುಲ್ಲು ನೆಟ್ಟ ತಾಕಿಗೇ ಹೋಗುತ್ತಿದ್ದರು. ಹದಿನೆಂಟು ವರ್ಷ ಅದೇ ಮಣ್ಣಲ್ಲಿ ಬೆವರು ಸುರಿಸಿದ ನಾನು ಅವರ ಹಿಂದೆ ಹಲ್ಲು ಕಿರಿಯುತ್ತಾ ನಡೆಯಬೇಕು! ಮೈಯೆಲ್ಲ ಉರಿಯುತ್ತಿತ್ತು.

ಏಪ್ರಿಲ್ ಹೊತ್ತಿಗೆ ಅವಳ ಹುಲ್ಲು ಒಣಗಿ ಪೊರಕೆಕಡ್ಡಿಯಂತಾಯಿತು. ನನ್ನದರಲ್ಲಿ ಇನ್ನೂ ಹಸಿರಿತ್ತು. ಮಳೆ ಬಿದ್ದ ಮೇಲೆ ಚಿಗುರಿದ ಬುಡಗಳನ್ನು ಎಣಿಸಿಯೇ ಬದುಕಿದ್ದೆಷ್ಟು ಎಂದು ಬರೆಯಬೇಕು. ಆ ನಿಯಮವನ್ನು ಎಲ್ಲರಿಗೂ ಪಾಠ ಮಾಡಿದವನೇ ನಾನು. ಆದರೆ ನಸ್ರೀನ್ ತಂಗಿಯ ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋದ ವಾರ, ಫೀಲ್ಡ್ ಬುಕ್‌ನಲ್ಲಿ ಅವಳ ಐವತ್ತು ಬುಡಗಳ ಮುಂದೆ 'ಸತ್ತಿದೆ' ಎಂದು ಬರೆದು, ಕಿತ್ತುಹಾಕಲು ಹೇಳಿದೆ.

ಕೆಲಸದ ಮುನಿಯಮ್ಮ ಒಂದು ಬುಡವನ್ನು ಉಗುರಿನಿಂದ ಕೆರೆದು ತೋರಿಸಿದಳು. "ಒಳಗೆ ಬೆಳ್ಳಗೈತೆ ಸಾರ್. ಇನ್ನೂ ಜೀವ ಐತೆ."

"ನಿಂಗೇನಮ್ಮ ಗೊತ್ತು, ಸುಮ್ನೆ ಕಿತ್ತಾಕು" ಎಂದು ರೇಗಿದೆ. ಅವಳು ಗೊಣಗುತ್ತಾ ಕಿತ್ತು ಬದುವಿನ ಮೇಲೆ ಎಸೆದಳು.

ನಸ್ರೀನ್ ಬಂದು ಬೋಳು ತಾಕು ನೋಡಿದಳು. ಮೂರನೆಯ ದಿನ ಜೋರು ಮಳೆ. ವಾರ ಕಳೆದ ಮೇಲೆ ನನ್ನನ್ನು ಬದುವಿನ ಬಳಿಗೆ ಕರೆದಳು. ಎಸೆದ ಬುಡಗಳು ಬಿದ್ದಲ್ಲೇ ಬೇರುಬಿಟ್ಟು ಚಿಗುರಿದ್ದವು.

"ನೀವೇ ಎಣಿಸಿ ಸಾರ್."

ಎಣಿಸಿದೆ. ನಲವತ್ತೊಂದು. ಇದ್ದಬದ್ದ ನೀರನ್ನೆಲ್ಲ ಎಲೆಗೇ ಖರ್ಚುಮಾಡಿದ್ದ ನನ್ನ ಗಿನಿಯಲ್ಲಿ ಐವತ್ತಕ್ಕೆ ಒಂಬತ್ತು. ಅಯ್ಯೋ, ಆಗಲೂ ನಾಚಿಕೆಗಿಂತ ಮೊದಲು ಬಂದದ್ದು ಹೊಟ್ಟೆಯುರಿಯೇ.

ಕಿತ್ತ ತಾಕು ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಅವಳ ಎರಡು ವರ್ಷದ ಕೆಲಸ ಹಾಳಾಯಿತು. ಮತ್ತೆ ಮೊದಲಿಂದ ನೆಟ್ಟಳು. ದಿಬ್ಬೂರಹಳ್ಳಿಯವರು ಇನ್ನೂ ಎರಡು ಬೇಸಿಗೆ ಕಾದರು. ವರದಿಯಲ್ಲಿ ನಾನು 'ತಪ್ಪು ಗ್ರಹಿಕೆಯಿಂದ ಕೀಳಲಾಯಿತು' ಎಂದು ಬರೆದೆ. ಅವಳು ಅದನ್ನೋದಿ ಸಹಿ ಹಾಕಿದಳು.

ಆಮೇಲೆ ನಿವೃತ್ತಿಯವರೆಗೂ ನನ್ನ ಹುಲ್ಲಿದ್ದ ಯಾವ ಪರೀಕ್ಷೆಯಲ್ಲೂ ನಾನು ಎಣಿಸಲು ಹೋಗಲಿಲ್ಲ. ತಪ್ಪು ಗ್ರಹಿಕೆಯೂ ಇಲ್ಲ, ಮಣ್ಣೂ ಇಲ್ಲ. ಆ ಹುಲ್ಲು ಸಾಯಲಿ ಎಂದು ನಾನು ಬಯಸಿದ್ದೆ.