ಯಾಕಮ್ಮ ಹೋಗಿ ಬಂದದ್ದು

ಹಲ್ಲಿನ ಸೆಟ್ಟು ತಯಾರಿಸುವ ಆ ಕಾರ್ಯಾಗಾರದಲ್ಲಿ ಒಂಬತ್ತು ಜನರಿದ್ದರು. ಎಂಟು ಜನ ತಲೆ ತಗ್ಗಿಸಿ ಸುಮ್ಮನೆ ಕೆಲಸ ಮಾಡುತ್ತಿದ್ದರು. ಒಂಬತ್ತನೆಯವಳು ತಲೆಯನ್ನೇನೋ ತಗ್ಗಿಸುತ್ತಿದ್ದಳು, ಸುಮ್ಮನಿರುವುದು ಮಾತ್ರ ಅವಳ ಕೈಲಾಗುತ್ತಿರಲಿಲ್ಲ. ಊರಿನ ದಂತವೈದ್ಯರು ಕಳಿಸಿದ ಬಾಯಿಯ ಅಚ್ಚು ಮೇಜಿನ ಮೇಲೆ ಬಂದು ಕೂತ ಕೂಡಲೇ ಶುರು: "ಇವರು ದರ್ಜಿ ಇರಬೇಕು ನೋಡಿ, ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಲ್ಲಿ ಕಚ್ಚು ಬಿದ್ದಿದೆ. ಇವರು ಒಂದೇ ಕಡೆ ಅಗಿಯೋರು. ಯಾಕಿರಬಹುದು?" ಯಾಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಬಾಯಿಗಳ ಒಡೆಯರನ್ನು ಅವರು ಯಾರೂ ಒಮ್ಮೆಯೂ ಕಂಡಿರಲಿಲ್ಲ.

ಅವಳ ಅಡ್ಡಹೆಸರು ಯಾಕಮ್ಮ. ಇಟ್ಟವಳು ಹೆತ್ತ ತಾಯಿ. ಮಾತು ಬಂದ ದಿನದಿಂದ "ಯಾಕಮ್ಮಾ? ಯಾಕಮ್ಮಾ?" ಎಂದು ಸೆರಗು ಹಿಡಿದು ಜಗ್ಗುತ್ತಿದ್ದ ಮಗಳಿಗೆ, ಬೇಸತ್ತು, "ನಡಿಯೇ ಯಾಕಮ್ಮ" ಎಂದಿದ್ದೇ ಅಂಟಿಕೊಂಡಿತು.

ನಾಲ್ಕು ವರ್ಷದವಳಿದ್ದಾಗ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ತಾಯಿ ಈ ದೇಶಕ್ಕೆ ಬಂದಿದ್ದಳು. ಕೈಯಲ್ಲಿದ್ದದ್ದು, ಮೂರು ತಿಂಗಳು ನೋಡಿಕೊಂಡು ಹೋಗುತ್ತೇನೆಂದು ಬರೆಸಿದ್ದ ವೀಸಾ ಕಾಗದ. ಮೂರು ತಿಂಗಳು ಇಪ್ಪತ್ತೈದು ವರ್ಷವಾಯಿತು. ತಾಯಿ ಒಂದು ಬಟ್ಟೆ ಒಗೆಯುವ ಅಂಗಡಿಯ ಹಿಂಬದಿಯಲ್ಲಿ ಇಸ್ತ್ರಿ ಮಾಡುತ್ತಾ, ಯಾವ ಕಾಗದವೂ ಇಲ್ಲದೆ, ಪೊಲೀಸು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾ ಬದುಕಿದಳು. ಮಗಳ ಪಾಲಿಗೆ ಮಾತ್ರ ಒಂದು ಕಾಯಿದೆ ಬಂತು. ಚಿಕ್ಕ ಮಕ್ಕಳಾಗಿ ಬಂದವರಿಗೆ ಎರಡೆರಡು ವರ್ಷದ ಚೀಟಿ. ಇರಬಹುದು, ದುಡಿಯಬಹುದು, ಎರಡು ವರ್ಷ ಮುಗಿಯುವ ಹೊತ್ತಿಗೆ ಮತ್ತೆ ಬೆರಳಚ್ಚು ಕೊಟ್ಟು ಉಸಿರು ಬಿಗಿಹಿಡಿದು ಕಾಯಬೇಕು. ಗಡಿ ದಾಟಿ ಹೊರಗೆ ಕಾಲಿಟ್ಟರೆ ಚೀಟಿ ರದ್ದು.

ಹೀಗಿರುವಾಗ ಅಜ್ಜಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳೆಂದು ಸೋದರಮಾವನ ಫೋನು ಬಂತು. ಶಸ್ತ್ರಚಿಕಿತ್ಸೆ ಆಯಿತು, ಜೀವಕ್ಕೇನೂ ಭಯವಿಲ್ಲ, ಆದರೆ ಎಂಬತ್ತು ದಾಟಿದ ಜೀವ. ತಾಯಿಗಂತೂ ಹೋಗುವ ಮಾತೇ ಇರಲಿಲ್ಲ. ಮಗಳು ವಕೀಲೆಯ ಹತ್ತಿರ ಓಡಿದಳು.

"ಮನೆಯವರಿಗೆ ಹುಷಾರಿಲ್ಲ ಅಂದ್ರೆ ಹೋಗೋಕೆ ಅನುಮತಿ ಪತ್ರ ಕೊಡ್ತಾರೆ" ಎಂದಳು ವಕೀಲೆ. "ಆದ್ರೆ ವಾಪಸ್ ಬಿಟ್ಕೋತೀವಿ ಅಂತ ಮಾತು ಕೊಡಲ್ಲ. ಬಾಗಿಲಲ್ಲಿ ಕೂತಿರೋ ಅಧಿಕಾರಿ ಬೇಡ ಅಂದ್ರೆ ಮುಗೀತು."

"ಹಾಗಾದ್ರೆ ಆ ಪತ್ರ ಯಾಕೆ?"

"ಬಾಗಿಲು ತಟ್ಟೋಕೆ."

ಯಾಕಮ್ಮನಿಗೆ ಈ ಉತ್ತರ ಹಿಡಿಸಿತು. ಹೋಗುವುದೆಂದು ಅಲ್ಲೇ ತೀರ್ಮಾನಿಸಿದಳು. ಅಜ್ಜಿಯ ಮೇಲಿನ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಫೋನಿನಲ್ಲಿ ಮಾತ್ರ ಕೇಳಿದ ಅಜ್ಜಿಯನ್ನು ಎಷ್ಟು ಅಂತ ಪ್ರೀತಿಸಲು ಸಾಧ್ಯ? ಅದಕ್ಕಿಂತ ಹೆಚ್ಚಾಗಿ ಅವಳನ್ನು ಎಳೆಯುತ್ತಿದ್ದದ್ದು ಕುತೂಹಲ. ತಾನು ಹುಟ್ಟಿದ ಮನೆಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಇಪ್ಪತ್ತೆಂಟು ದಿನದ ಅನುಮತಿ ಬಂತು. ವಕೀಲೆ ಕಡತ ಕೈಗಿಟ್ಟು, "ತಿರುಗಿ ಬರುವಾಗ ಕೇಳಿದ್ದಕ್ಕಷ್ಟೇ ಉತ್ತರ. ನೀವು ಪ್ರಶ್ನೆ ಕೇಳೋ ಹಾಗಿಲ್ಲ. ನಿಮಗೆ ಇದು ಕಷ್ಟ ಅಂತ ನನಗೆ ಗೊತ್ತು" ಎಂದಳು.

ಹೊರಡುವ ಹಿಂದಿನ ದಿನ ತಾಯಿ ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಾ ಒಂದೊಂದಾಗಿ ಕೇಳತೊಡಗಿದಳು. ತಮ್ಮನ ತಲೆಯಲ್ಲಿ ಕೂದಲು ಉಳಿದಿದೆಯಾ ನೋಡು. ಮೆಟ್ಟಿಲು ಇನ್ನೂ ಮನೆಯ ಹೊರಗಡೆಯಿಂದಲೇ ಇದೆಯಾ, ಒಳಗೆ ತಂದರಾ? ಎದುರಿನ ಶಾಲೆಯ ಗಡಿಯಾರ ನಡೀತಿದೆಯಾ, ನನ್ನ ಕಾಲದಲ್ಲಿ ಯಾವಾಗಲೂ ಹತ್ತೂವರೆ. ಕೊನೆಗೆ ಒಂದು ಅಂಗಿಯ ಕಾಲರು ನೀವಿದ್ದನ್ನೇ ನೀವುತ್ತಾ, "ಅಮ್ಮ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾಳಾ ಅಂತ... ಕೇಳಬೇಡ. ಹಾಗೇ ಮುಖ ನೋಡ್ಕೊಂಡು ಬಾ" ಎಂದಳು.

"ಯಾಕೆ ಮುನಿಸು?"

"ಮೂರು ತಿಂಗಳು ಅಂತ ಸುಳ್ಳು ಹೇಳಿ ಬಂದವಳಲ್ವಾ ನಾನು."

ಸೋದರಮಾವನ ತಲೆಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಮನೆ ಟೈರಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು, ಮೆಟ್ಟಿಲು ಹೊರಗಡೆಯೇ ಇತ್ತು. ಪೆಟ್ಟಿಗೆ ಹಿಡಿದು ಹತ್ತುತ್ತಿದ್ದ ಯಾಕಮ್ಮ ಮೂರನೆಯ ಮೆಟ್ಟಿಲಲ್ಲಿ ಮುಗ್ಗರಿಸಿದಳು. ಮಾವ ತೋಳು ಹಿಡಿದು, "ಅದೊಂದು ಮೆಟ್ಟಿಲು ಎರಡು ಬೆರಳು ಎತ್ತರ. ಎಲ್ಲಾರೂ ಅಲ್ಲೇ ಎಡವೋದು. ನೀನೂ ಚಿಕ್ಕವಳಿದ್ದಾಗ ಅಲ್ಲೇ ಬಿದ್ದು ಗಲ್ಲ ಒಡ್ಕೊಂಡಿದ್ದೆ" ಎಂದ. ಯಾಕಮ್ಮ ಗಲ್ಲದ ಕೆಳಗೆ ಬೆರಳಾಡಿಸಿದಳು. ಅಲ್ಲೊಂದು ಗೆರೆ ಇರುವುದು ಅವಳಿಗೆ ಮೊದಲಿಂದ ಗೊತ್ತಿತ್ತು. ಅದು ಎಲ್ಲಿಂದ ಬಂತೆಂದು ತಾಯಿಯೂ ಹೇಳಿರಲಿಲ್ಲ.

ನೆನಪೇನಾದರೂ ಮರಳೀತೆಂದು ಮೊದಲ ನಾಲ್ಕು ದಿನ ಕಾದಳು. ಏನೂ ಬರಲಿಲ್ಲ. ಹಾಗಾಗಿ ಹೊಸ ಊರಿಗೆ ಬಂದವಳಂತೆ ಎಲ್ಲವನ್ನೂ ಮುಟ್ಟಿ ತಟ್ಟಿ ನೋಡಿದಳು. ದೀಪದ ಸ್ವಿಚ್ಚು ಇಲ್ಲಿ ಕೆಳಗೆ ಒತ್ತಿದರೆ ಹೊತ್ತುತ್ತದೆ. ಬಾಗಿಲು ಒಳಗೆ ತೆರೆಯುತ್ತದೆ. ಶಾಲೆಯ ಗಡಿಯಾರದ ಜಾಗದಲ್ಲಿ ಒಂದು ದುಂಡನೆಯ ತೂತಿದೆ, ಅದರಲ್ಲಿ ಪಾರಿವಾಳ ಸಂಸಾರ ಹೂಡಿದೆ. ರಸ್ತೆಯಲ್ಲಿ ಎಲ್ಲರೂ ಅವಳ ಮನೆಮಾತನ್ನೇ ಆಡುತ್ತಾರೆ! ಇಷ್ಟು ವರ್ಷ ತಾನೂ ಅಮ್ಮನೂ ಇಬ್ಬರೇ ಆಡುತ್ತಿದ್ದ ಮಾತು ಬಸ್ಸಿನಲ್ಲಿ, ಕ್ಯೂನಲ್ಲಿ, ಜಗಳದಲ್ಲಿ ಕೇಳುವಾಗ, ತಮ್ಮ ಮನೆಯ ಗುಟ್ಟನ್ನು ಯಾರೋ ಊರಿಗೆಲ್ಲ ಹಂಚಿದ ಹಾಗೆ ಅವಳಿಗೆ ಅನಿಸುತ್ತಿತ್ತು.

ಆ ಮಾತಿನಿಂದಲೇ ಒಂದು ಎಡವಟ್ಟೂ ಆಯಿತು. ಐದನೆಯ ದಿನ ಅಜ್ಜಿಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು. ಅಂಗಡಿಯಾತನಿಗೆ ಎಪ್ಪತ್ತರ ಮೇಲಿತ್ತು. ಯಾಕಮ್ಮ ವೈದ್ಯರ ಚೀಟಿ ಚಾಚಿ, "ಈ ಮಾತ್ರೆ ನಿನ್ನ ಹತ್ರ ಇದೆಯಾ?" ಎಂದಳು.

ಆತ ಕನ್ನಡಕದ ಮೇಲಿಂದ ನೋಡಿದ. "ನಾವಿಬ್ರೂ ಒಂದೇ ಕ್ಲಾಸಲ್ಲಿ ಓದಿದ್ದಾ ತಾಯಿ?"

ತಪ್ಪೇನೆಂದು ಹೊಳೆಯದೆ ಅವಳು ಮನೆಗೆ ಬಂದು ಅಜ್ಜಿಯನ್ನು ಕೇಳಿದಳು. ಅಜ್ಜಿಗೆ ಕ್ಷಣದಲ್ಲೇ ಅರ್ಥವಾಯಿತು. ಬುದ್ಧಿ ಬಂದಾಗಿನಿಂದ ಹುಡುಗಿ ಈ ಭಾಷೆಯಲ್ಲಿ ಮುಖಾಮುಖಿ ಮಾತಾಡಿಸಿದ್ದು ಅಮ್ಮನೊಬ್ಬಳನ್ನೇ. ಅಮ್ಮನಿಗೆ ಯಾರಾದರೂ 'ನೀವು' ಅನ್ನುತ್ತಾರೆಯೇ? 'ನೀವು' ಎಂಬ ಮಾತೇ ಅವಳ ಕಿವಿಗೆ ಬಿದ್ದಿರಲಿಲ್ಲ. ಅಜ್ಜಿ ನಕ್ಕಳು. ನಗು ತಡೆಯಲಾರದೆ ಮಂಚದ ಅಂಚು ಹಿಡಿದು ಕುಲುಕಿ ಕುಲುಕಿ ನಕ್ಕಳು. ನಗುವ ಭರಕ್ಕೆ ಬಾಯೊಳಗಿನ ಮೇಲಿನ ಸೆಟ್ಟು ಕಳಚಿ ಮಡಿಲಿಗೆ ಬಿತ್ತು.

ಯಾಕಮ್ಮ ಅದನ್ನು ಎತ್ತಿ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದಳು. ಮೊಮ್ಮಗಳ ಕಣ್ಣು ಹೋಗಿ ಹಲ್ಲು ಕಟ್ಟುವವಳ ಕಣ್ಣು ಬಂತು. "ಇದನ್ನ ಯಾರಜ್ಜಿ ಕಟ್ಟಿದ್ದು? ಹದಿನೈದು ವರ್ಷದ ಮೇಲಾಗಿದೆ. ನಿನ್ನ ವಸಡು ಕರಗಿ ಹೋಗಿದೆ, ಇದು ಹಾಗೇ ಇದೆ. ನಾಲಿಗೆಯಲ್ಲಿ ಒತ್ತಿ ಹಿಡ್ಕೊಂಡೇ ಮಾತಾಡ್ತೀಯಲ್ಲಾ, ದವಡೆ ನೋಯಲ್ವಾ?"

"ನೋಯುತ್ತೆ. ಹಲ್ಲಿಲ್ಲದೋಳಿಗೆ ಹಲ್ಲುನೋವು ಅಂದ್ರೆ ಯಾರು ನಂಬ್ತಾರೆ?"

ಬೀದಿಯ ಕೊನೆಯಲ್ಲಿ ಒಬ್ಬ ದಂತವೈದ್ಯರಿದ್ದರು. ಮುಂಗೋಪಿ ಮನುಷ್ಯ. ಪರದೇಶದಿಂದ ಬಂದ ಹುಡುಗಿ ಅಜ್ಜಿಗೆ ಹೊಸ ಸೆಟ್ಟು ಕಟ್ಟಲು ತಮ್ಮ ಸಾಮಾನು ಎರವಲು ಕೇಳುತ್ತಾಳೆಂದು ಮೊದಲು ಮುಖ ಗಂಟಿಕ್ಕಿದರು. ಅವಳು ಅವರ ಕಪಾಟಿನ ಪ್ಲಾಸ್ಟರು ಬೆರಳ ನಡುವೆ ಉಜ್ಜಿ, "ಇದಕ್ಕೆ ತೇವ ಹಿಡಿದಿದೆ, ನಿನ್ನ ಹತ್ರ... ನಿಮ್ಮ ಹತ್ರ ಬೇರೆ ಇಲ್ವಾ?" ಎಂದ ಮೇಲೆ ಅವರ ಗಂಟು ಸಡಿಲಾಯಿತು. ಮಾವ ಅಜ್ಜಿಯನ್ನು ಎತ್ತಿ ಮೆಟ್ಟಿಲಿಳಿಸಿ, ಗಾಲಿಕುರ್ಚಿಯಲ್ಲಿ ಕರೆತಂದ.

"ಈ ಗಾರೆ ಮೆತ್ತಿ ನನ್ನ ಬಾಯಿ ಮುಚ್ಚಿಸೋಣ ಅಂತ ಸಂಚು ಮಾಡಿದ್ದೀರಾ?" ಎಂದಳು ಅಜ್ಜಿ. ಎಂದವಳ ಬಾಯಿಗೆ ವೈದ್ಯರು ಅಚ್ಚಿನ ತಟ್ಟೆ ಇಟ್ಟು ಒತ್ತಿ ಹಿಡಿದರು. ಅದು ಗಟ್ಟಿಯಾಗಲು ಮೂರು ನಿಮಿಷ. ಆ ಮೂರು ನಿಮಿಷ ಅಜ್ಜಿ ಮಾತಾಡುವಂತಿಲ್ಲ. ಕೇಳಬೇಡ ಎಂದು ತಾಯಿ ಹೇಳಿದ್ದೇನೋ ನಿಜ. ಆದರೆ ಇಂಥ ಅವಕಾಶ ಮತ್ತೆಲ್ಲಿ ಸಿಗುತ್ತದೆ?

"ಅಜ್ಜಿ, ನಿನಗೆ ಅಮ್ಮನ ಮೇಲೆ ಇನ್ನೂ ಸಿಟ್ಟಿದೆಯಾ? ಮೂರು ತಿಂಗಳು ಅಂತ ಸುಳ್ಳು ಹೇಳಿದಳು ಅಂತ?"

ಅಜ್ಜಿಯ ಹುಬ್ಬು ಮೇಲೆ ಹೋಯಿತು. ಗಂಟಲಲ್ಲಿ ಏನೋ ಗುರುಗುಟ್ಟಿತು. ವೈದ್ಯರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ತಟ್ಟೆ ಹೊರಗೆ ಬಂದದ್ದೇ ತಡ:

"ಸುಳ್ಳಾ? ಅವಳಿಗೆ ಸುಳ್ಳು ಹೇಳೋಕೆ ಎಲ್ಲಿ ಬರುತ್ತೆ? ನನಗೆ ಆವತ್ತೇ ಗೊತ್ತಿತ್ತು ಕಣೇ, ಇವಳು ತಿರುಗಿ ಬರೋಳಲ್ಲ ಅಂತ. ಅವಳು ಸ್ನಾನಕ್ಕೆ ಹೋಗಿದ್ದಾಗ ಪೆಟ್ಟಿಗೆ ತೆಗೆದು ನೋಡಿದೆ. ಮೂರು ತಿಂಗಳಿಗೆ ಯಾರಾದ್ರೂ ಮಗೂಗೆ ಎರಡು ಅಳತೆ ದೊಡ್ಡ ಅಂಗಿ ಇಡ್ತಾರಾ? ಇಟ್ಟಿದ್ದಳು. ಇಡಬೇಕಾದ್ದನ್ನೇ ಮರೆತಿದ್ದಳು. ನಿನ್ನ ಚುಚ್ಚುಮದ್ದಿನ ಕಾರ್ಡು. ನಾನೇ ಹುಡುಕಿ ತಳದಲ್ಲಿ ಇಟ್ಟೆ."

ಯಾಕಮ್ಮನಿಗೆ ಆ ಕಾರ್ಡು ಚೆನ್ನಾಗಿ ಗೊತ್ತಿತ್ತು. ಚೀಟಿಗೆ ಅರ್ಜಿ ಹಾಕುವಾಗ, ಇಂಥ ವರ್ಷದಲ್ಲಿ ನೀನು ಈ ದೇಶದಲ್ಲೇ ಇದ್ದೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದ್ದರು. ಮನೆಯೆಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದೇ: ಅಜ್ಜಿಯ ಊರಿನಲ್ಲಿ ಶುರುವಾಗಿ ವಲಸೆ ಹೋದ ಊರಿನ ಆಸ್ಪತ್ರೆಯ ಮೊಹರಿನೊಂದಿಗೆ ಮುಂದುವರಿದಿದ್ದ ಚುಚ್ಚುಮದ್ದಿನ ಕಾರ್ಡು. ಅದನ್ನು ತಾನೇ ಇಟ್ಟುಕೊಂಡು ಬಂದಿದ್ದೆನೆಂದು ತಾಯಿ ನಂಬಿದ್ದಳು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅತ್ತು ಉಳ್ಕೊಂಡುಬಿಡ್ತಿದ್ದಳು" ಎಂದು ಅಜ್ಜಿ ಬಾಯಿ ಮುಕ್ಕಳಿಸಿ ಉಗಿದಳು. "ಕೆಳಗಿನದಕ್ಕೂ ಗಾರೆ ಹಾಕ್ತೀರೋ, ನಾನು ಎದ್ದು ಹೋಗಲೋ?"

ಎರಡು ಅಚ್ಚನ್ನೂ ತೆಗೆದು, ಅವಕ್ಕೆ ಪ್ಲಾಸ್ಟರು ಹುಯ್ದು ದವಡೆ ಮಾಡಿ, ಮೇಣದ ದಿಂಡು ಕಚ್ಚಿಸಿ ಅಳತೆ ಹಿಡಿದದ್ದಾಯಿತು. ಸೆಟ್ಟನ್ನು ತನ್ನ ಮೇಜಿನಲ್ಲೇ ಕಟ್ಟಿ ಕಳಿಸುತ್ತೇನೆಂದು ಯಾಕಮ್ಮ ಆ ಪ್ಲಾಸ್ಟರಿನ ದವಡೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಇಪ್ಪತ್ತಾರನೆಯ ದಿನ ಹೊರಟಳು. ಮೂರನೆಯ ಮೆಟ್ಟಿಲಲ್ಲಿ ಈ ಸಲ ಎಡವಲಿಲ್ಲ. ಎಡವದೇ ಇದ್ದದ್ದಕ್ಕೆ ಯಾಕೋ ಕಣ್ಣು ತುಂಬಿ ಬಂತು.

ಬಂದಿಳಿದ ವಿಮಾನ ನಿಲ್ದಾಣದಲ್ಲಿ ಮೊದಲ ಕಿಂಡಿಯವನು ಪತ್ರ ನೋಡಿ ಪಕ್ಕದ ಕೋಣೆಗೆ ಕಳಿಸಿದ. ನೀಲಿ ಕುರ್ಚಿಗಳ ಸಾಲು, ಫೋನು ಮುಟ್ಟಬಾರದೆಂಬ ಫಲಕ, ಒಂದು ನೀರಿನ ಯಂತ್ರ. ಎರಡು ಗಂಟೆ ಕೂತಳು. ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಕುರ್ಚಿಯ ಕೈಗಳ ಬಣ್ಣವೆಲ್ಲ ಹೋಗಿತ್ತು. ಎಷ್ಟು ಜನ ಹಿಡಿದು ಕೂತಿರಬೇಕು ಎಂದು ಲೆಕ್ಕ ಹಾಕಲು ನೋಡಿದಳು.

ಕೊನೆಗೆ ಒಬ್ಬ ಅಧಿಕಾರಿ ಕರೆದ. ಪೆಟ್ಟಿಗೆ ತೆರೆಸಿದ. ಬಟ್ಟೆಯ ಗಂಟು ಬಿಚ್ಚಿದಾಗ ಎರಡು ಬಿಳಿ ದವಡೆಗಳು ಅವನನ್ನು ನೋಡಿ ಬಾಯಿ ತೆರೆದವು.

"ಏನಿದು?"

"ನಮ್ಮಜ್ಜಿ ಬಾಯಿ, ಸರ್."

ಆತ ಪತ್ರವನ್ನೊಮ್ಮೆ, ದವಡೆಯನ್ನೊಮ್ಮೆ ನೋಡಿದ. "ಹುಷಾರಿಲ್ಲದ ಅಜ್ಜಿ ಅಂತ ಬರೆದಿದ್ದೀರಿ. ಅದು ಇವರೇನಾ?"

"ಹೌದು ಸರ್. ಮುರಿದಿದ್ದು ಸೊಂಟ. ಹಲ್ಲು ಆಮೇಲೆ ಗೊತ್ತಾಯ್ತು."

ಆತನ ತುಟಿಯ ತುದಿ ಅಲುಗಿತು. ಮೇಲಿನ ಸಾಲಿನಲ್ಲಿ ಒಂದು ಕಟ್ಟಿಸಿದ ಹಲ್ಲು ಕಂಡಿತು, ಪಕ್ಕದವಕ್ಕಿಂತ ಒಂದು ಬಣ್ಣ ಹೆಚ್ಚು ಬಿಳಿ. ಯಾಕಮ್ಮ ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ಆತ ಎಲ್ಲಿ ಉಳಿದಿದ್ದಿರಿ, ಯಾರನ್ನು ಕಂಡಿರಿ, ಎಷ್ಟು ದಿನ ಎಂದು ಕೇಳುತ್ತಾ ಹೋದ. ಆಮೇಲೆ ಪೆನ್ನು ಕೆಳಗಿಟ್ಟು, "ಅಲ್ಲಿ ಮನೆಯವರಿದ್ದಾರೆ, ನಿಮ್ಮ ಭಾಷೆ ಇದೆ. ತಿರುಗಿ ಯಾಕೆ ಬಂದ್ರಿ?" ಎಂದ.

ಜೀವನವಿಡೀ ಊರಿಗೆಲ್ಲ ಯಾಕೆ ಎಂದು ಕೇಳಿದವಳು ಈಗ ತಬ್ಬಿಬ್ಬಾದಳು. "ಅಲ್ಲಿ ನಾನು ಕೂತಿದ್ದಲ್ಲಿಗೆ ಎಲ್ಲಾ ತಂದುಕೊಡೋರು ಸರ್" ಎಂದಳು ನಿಧಾನವಾಗಿ. "ಇಪ್ಪತ್ತಾರು ದಿನವೂ. ಪಾತ್ರೆ ಎಲ್ಲಿಡ್ತಾರೆ ಅಂತ ನನಗೆ ಗೊತ್ತಾಗ್ಲೇ ಇಲ್ಲ. ಇಲ್ಲಿ ಗೊತ್ತು."

ಆತ ಪತ್ರದ ಮೂಲೆಯಲ್ಲಿ ಮೊಹರು ಒತ್ತಿ, ತಾರೀಖು ಬರೆದ. ಬಿಟ್ಟಿದ್ದಾನೆ ಎಂದು ತಿಳಿಯಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ತಿಳಿದ ಮೇಲೆ ತಡೆಯಲಾಗಲಿಲ್ಲ.

"ಒಂದು ಕೇಳಲಾ ಸರ್? ಮೊಹರಿನ ಶಾಯಿ ಹಸಿರು ಯಾಕೆ?"

ಅಧಿಕಾರಿ ಮೊಹರನ್ನು ತಿರುಗಿಸಿ ನೋಡಿದ. "ಹದಿನಾಲ್ಕು ವರ್ಷದಿಂದ ಒತ್ತುತ್ತಾ ಇದ್ದೀನಿ" ಎಂದ. "ಗೊತ್ತಿಲ್ಲ."

ಮನೆಯಲ್ಲಿ ತಾಯಿ ಬಾಗಿಲಿಗೇ ಆತುಕೊಂಡು ನಿಂತಿದ್ದಳು. ಬೋಳುತಲೆಗೆ ನಕ್ಕಳು, ಪಾರಿವಾಳಕ್ಕೆ ನಕ್ಕಳು. ಕಾರ್ಡಿನ ಸುದ್ದಿ ಕೇಳಿದ ಮೇಲೆ ಮಾತ್ರ ಎದ್ದು ಹೋಗಿ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಇಸ್ತ್ರಿ ಮಾಡಲು ಮನೆಯಲ್ಲಿ ಒಂದೂ ಬಟ್ಟೆ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದರ ವೈರು ಕಿತ್ತು, "ಅಷ್ಟು ವರ್ಷ ಫೋನಲ್ಲಿ ನಾನು ಬಾಯಿಬಿಟ್ಟು ಮಾತೇ ಆಡ್ಲಿಲ್ಲ ಕಣೇ, ಸಿಟ್ಟಿದೆ ಅಂತ" ಎಂದಳು.

ಯಾಕಮ್ಮ ಕೆಲಸ ಮುಗಿದ ಮೇಲೆ ಸಂಜೆ ಒಂದೊಂದು ತಾಸು ಕೂತು ಸೆಟ್ಟು ಕಟ್ಟಿದಳು. ತಾನು ಮುಖ ಕಂಡಿದ್ದ ಮೊದಲ ಬಾಯಿ ಅದು. ತೀರ ನೇರವಾಗಿ ಜೋಡಿಸಲಿಲ್ಲ. ಮುಂದಿನ ಎರಡು ಹಲ್ಲಿನ ನಡುವೆ ತಾಯಿಗಿರುವಂಥದೇ ಸಣ್ಣ ಸಂದು ಬಿಟ್ಟಳು. ಪಾರ್ಸೆಲ್ಲು ತಲುಪಿ, ಮುಂಗೋಪಿ ವೈದ್ಯರು ಎರಡು ಕಡೆ ಉಜ್ಜಿ ಕೂರಿಸಿದ ಮಾರನೆಯ ದಿನ ಫೋನು ಬಂತು. ತಾಯಿ ಎತ್ತಿದಳು. ಆ ಕಡೆಯಿಂದ ತೊದಲಿಲ್ಲದ, ಸ್ಪಷ್ಟವಾದ ದನಿ.

"ಯಾರು?... ಯಾರಿದು ಮಾತಾಡ್ತಿರೋದು?"

"ನಿನ್ನಮ್ಮ ಕಣೇ! ಕಿವಿ ಮಂದ ಆಯ್ತಾ? ಕೆಳಗಿನದು ಒಂಚೂರು ಒತ್ತುತ್ತೆ ಅಂತ ಅವಳಿಗೆ ಹೇಳು."

ತಾಯಿ ಫೋನು ಹಿಡಿದುಕೊಂಡೇ ನೆಲದ ಮೇಲೆ ಕಾಲು ಚಾಚಿ ಕೂತಳು. ಆಮೇಲೆ ಇಬ್ಬರೂ ಜಗಳ ಶುರು ಮಾಡಿದರು: ಆ ದೊಡ್ಡ ಅಂಗಿ ನೀಲಿಯೋ ಹಳದಿಯೋ ಎಂದು. ಮುಕ್ಕಾಲು ಗಂಟೆಯಾದರೂ ಇತ್ಯರ್ಥವಾಗಲಿಲ್ಲ. ಯಾಕಮ್ಮ ಮೇಜಿನ ಬಳಿ ಕೂತು ಮುಂದಿನ ಎರಡು ವರ್ಷದ ಅರ್ಜಿ ತುಂಬುತ್ತಿದ್ದಳು. 'ಕಳೆದ ಎರಡು ವರ್ಷದಲ್ಲಿ ದೇಶದ ಹೊರಗೆ ಹೋಗಿದ್ದೀರಾ?' ಎಂಬ ಸಾಲಿನಲ್ಲಿ ಮೊದಲ ಸಲ 'ಹೌದು' ಎಂದು ಬರೆದು, ಪುಟ ತಿರುಗಿಸಿದಳು.